ಹಿಮ್ಮಡಿ ನೋಡುತ್ತಿದ್ದ ಸಿಸ್ಟರಮ್ಮ

ಹೋದ ವಾರ ಬಸವೇಶ್ವರನಗರದ ಒಂದು ಛತ್ರಕ್ಕೆ ನಾಮಕರಣಕ್ಕೆಂದು ಹೋಗಿದ್ದೆ. ಬಾಗಿಲಲ್ಲೇ ಫಿನಾಯಿಲ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಯಾವುದೋ ಮಗು ವಾಂತಿ ಮಾಡಿಕೊಂಡಿತ್ತಂತೆ, ಆಗಷ್ಟೇ ಒರೆಸಿದ್ದರು. ಜೊತೆಗಿದ್ದವರು ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ನಾನು ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟೆ. "ಬಾಗಿಲಲ್ಲೇ ಇಷ್ಟು ಫಿನಾಯಿಲ್ ಹೊಡೀತಿದೆ ಅಂದ್ರೆ ಒಳಗೆ ಏನೋ ಮುಚ್ಚಿದಾರೆ ಅಂತ ತಿಳ್ಕೋ ಕಣೇ..." ಎಂದು ಸಿಸ್ಟರಮ್ಮ ಕಿವಿಯ ಹತ್ತಿರವೇ ಹೇಳಿದ ಹಾಗಾಯಿತು.

ರಾಜಾಜಿನಗರದಲ್ಲಿ ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಅವರು ಒಬ್ಬರೇ ಇದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಇದ್ದೊಬ್ಬ ತಮ್ಮ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಅವನ ಮಗನನ್ನು ಓದಿಸಿದವರು ಇವರೇ. ಆ ಹುಡುಗ ಬೆಳೆದು, ಕೆಲಸ ಹಿಡಿದು, ತಾಯಿಯ ಜೊತೆ ಬಿನ್ನಿಪೇಟೆಯ ಫ್ಲಾಟಿನಲ್ಲಿದ್ದ. "ಬಾ ಅತ್ತೆ, ನಮ್ಮ ಜೊತೇಲೇ ಇರು" ಎಂದು ಎಷ್ಟೋ ಸಲ ಕರೆದಿದ್ದ. ಇವರು ಹೋಗಲಿಲ್ಲ. ಬೀದಿಯ ಅರ್ಧ ಜನಕ್ಕೆ ಬಿಪಿ ನೋಡುವವರು, ಇಂಜೆಕ್ಷನ್ ಚುಚ್ಚುವವರು ಇವರೇ ಆಗಿದ್ದರಲ್ಲ. ಅವರು ಮಾಡುತ್ತಿದ್ದ ಕಾಫಿ ಮಾತ್ರ ಕಷಾಯದ ಹಾಗಿರುತ್ತಿತ್ತು. ಬೇಡ ಎನ್ನುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಮಾತು ಒರಟು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದರು, ನಾಡಿ ಹಿಡಿಯುವವರ ಅಭ್ಯಾಸ. ಥ್ಯಾಂಕ್ಸ್ ಅಂದರೆ ಸಿಡುಕುತ್ತಿದ್ದರು.

ನಮ್ಮತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಅವರಿಗೆ ಹತ್ತಿರವಾದದ್ದು. ಆಪರೇಷನ್ ಆಯಿತು, ಆದರೆ ಅತ್ತೆ ಮತ್ತೆ ಎದ್ದು ನಡೆಯಲಿಲ್ಲ. ನಾನೂ ನಮ್ಮ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಗೆ ಬಂದ ಹೆಂಗಸರು ತಿಂಗಳೂ ನಿಲ್ಲಲಿಲ್ಲ. ಕೊನೆಗೆ ಎಲ್ಲಾದರೂ ಆರೈಕೆ ಕೇಂದ್ರಕ್ಕೆ ಸೇರಿಸುವುದೆಂದು ತೀರ್ಮಾನಿಸಿ, ಅಳುತ್ತಾ ಮಹಡಿ ಹತ್ತಿದೆ. ಸಿಸ್ಟರಮ್ಮ ಅಳು ಮುಗಿಯುವವರೆಗೂ ಕಾದು, "ಸೇರಿಸೋದು ತಪ್ಪಲ್ಲ. ನೋಡ್ದೆ ಸೇರಿಸೋದು ತಪ್ಪು. ನಾನು ಬರ್ತೀನಿ, ನಡಿ" ಅಂದರು.

ಮೂರು ಕಡೆ ನೋಡಿದೆವು. ಎಲ್ಲಿಗೂ ಮುಂಚೆ ಫೋನ್ ಮಾಡಿ ಹೋಗಲಿಲ್ಲ. ಫೋನ್ ಮಾಡಿದರೆ ಹೊಸ ಹಾಸು ಹಾಸಿರುತ್ತಾರೆ ಎನ್ನುವುದು ಅವರ ಮಾತು. ಮೊದಲನೆಯದು ಬ್ಯಾಡರಹಳ್ಳಿ ಕಡೆ. ಹೊಸ ಕಟ್ಟಡ, ಬಾಗಿಲಲ್ಲಿ ಮೀನಿನ ತೊಟ್ಟಿ, ಗೋಡೆಯ ಮೇಲೆ ನಗುವ ಅಜ್ಜ ಅಜ್ಜಿಯರ ಫೋಟೊ. ನನಗೆ ಅಲ್ಲೇ ಮನಸ್ಸು ಕುಳಿತುಬಿಟ್ಟಿತ್ತು. ಸಿಸ್ಟರಮ್ಮ ಮೀನಿನ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಕೇಳಿದ್ದು, "ನಿಮ್ಮ ಟಾಯ್ಲೆಟ್ ಎಲ್ಲಿ?" ಹೋಗಿ ಬಂದರು. ಆಮೇಲೆ ಹಾಸಿಗೆಯ ಪಕ್ಕದ ಬೆಲ್ ಒತ್ತಿ, ಮಣಿಕಟ್ಟು ತಿರುಗಿಸಿ ಗಡಿಯಾರ ನೋಡುತ್ತಾ ನಿಂತರು. ಯಾರೂ ಬರಲಿಲ್ಲ. ಒಳಗಡೆಯ ಬಾಗಿಲಿಗೆ ಬೀಗ ಇತ್ತು. "ಬೆಂಕಿ ಗಿಂಕಿ ಬಿದ್ರೆ ಬೀಗದ ಕೈ ಯಾರ ಹತ್ರ ಇರುತ್ತೆ?" ಎಂದು ಮ್ಯಾನೇಜರನ್ನು ಕೇಳಿದರು. ಆತ ಮೇಜಿನ ಡ್ರಾಯರ್ ಎಳೆದು ಹುಡುಕತೊಡಗಿದ. ಮಲಗಿದ್ದ ಒಬ್ಬ ಅಜ್ಜನಿಗೆ ಕೈಮುಗಿದು, "ಸ್ವಲ್ಪ ಕಾಲು ನೋಡ್ಲಾ ಸಾರ್?" ಎಂದು ಕೇಳಿ, ಹೊದಿಕೆ ಎತ್ತಿ ಹಿಮ್ಮಡಿ ನೋಡಿ ಮತ್ತೆ ಹೊದಿಸಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಹೊರಗೆ ಬಂದ ಮೇಲೆ ಅಷ್ಟೇ, "ಇಲ್ಲಿ ಬೇಡ."

ಆಟೋದಲ್ಲಿ ಕುಳಿತು ವಿವರಿಸಿದರು. ಮಲಗಿದ ಮನುಷ್ಯನನ್ನು ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸದಿದ್ದರೆ ಮೊದಲು ಕೆಡುವುದು ಹಿಮ್ಮಡಿ ಮತ್ತು ಸೊಂಟ. ಹಿಮ್ಮಡಿ ಕೆಂಪಾಗಿದ್ದರೆ ಯಾರೋ ಸೋಮಾರಿ, ಕಪ್ಪಾಗಿದ್ದರೆ ಯಾರೂ ಇಲ್ಲ ಎಂದೇ ಅರ್ಥ. ಕುಡಿಯುವ ನೀರು ಕೈಗೆ ಎಟುಕುವ ಹಾಗಿದೆಯೇ, ಆಯಾಗೆ ಪೇಷೆಂಟಿನ ಹೆಸರು ಗೊತ್ತಿದೆಯೇ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಗಂಟೆ ಸುಮ್ಮನೆ ಕುಳಿತಿರಬೇಕು. "ಊಟ ಮಾಡ್ಸೋದ್ರಲ್ಲಿ ನಾಟಕ ಆಡಕ್ಕಾಗಲ್ಲ ಕಣೇ. ಎಷ್ಟು ಕೈ ಇದೆ, ಎಷ್ಟು ಬಾಯಿ ಇದೆ, ಎಲ್ಲಾ ಅಲ್ಲೇ ಗೊತ್ತಾಗುತ್ತೆ."

ಎರಡನೆಯದು ಹೆಗ್ಗನಹಳ್ಳಿಯಲ್ಲಿ, ಫಿನಾಯಿಲ್ ವಾಸನೆಗೆ ಬಾಗಿಲಿಂದಲೇ ಬೇಡವೆಂದರು. ಮೂರನೆಯದು ಕೆಂಗೇರಿಯ ಹತ್ತಿರ, ಹಳೆಯ ಮನೆ, ಸುಣ್ಣ ಉದುರುತ್ತಿದ್ದ ಗೋಡೆ. ನನ್ನ ಮುಖ ಬಾಡಿತು. ಅಲ್ಲಿ ಊಟದ ಹೊತ್ತಿಗೆ ಕುಳಿತೆವು. ನಡೆಸುತ್ತಿದ್ದ ಹೆಂಗಸು ತಾನೇ ಒಬ್ಬ ಅಜ್ಜಿಯ ಪಕ್ಕ ಕುಳಿತು ಅನ್ನ ಕಿವುಚಿ ತಿನ್ನಿಸುತ್ತಿದ್ದಳು. ತುತ್ತು ನುಂಗುವವರೆಗೂ ಕಾದು ಮುಂದಿನ ತುತ್ತು ಕೊಡುತ್ತಿದ್ದಳು. ಸಿಸ್ಟರಮ್ಮ ನನ್ನ ತೊಡೆ ಚಿವುಟಿದರು. ಅತ್ತೆ ಎರಡು ವರ್ಷ ಅಲ್ಲಿದ್ದರು. ತೀರಿಕೊಂಡಾಗ ಮೈ ತೊಳೆಸಿದವಳು ನಾನು. ಮೈಮೇಲೆ ಒಂದೂ ಗಾಯ ಇರಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಸಿಸ್ಟರಮ್ಮನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು, ಎಲ್ಲ ತಿಳಿಯುತ್ತಿತ್ತು... ತಮ್ಮನ ಮಗ ಆಸ್ಪತ್ರೆಯಿಂದ ತನ್ನ ಮನೆಗೇ ಕರೆದುಕೊಂಡು ಹೋದ. ಎರಡು ತಿಂಗಳು ನೋಡಿಕೊಂಡ. ಅವನ ತಾಯಿಗೆ ಮಂಡಿನೋವು, ಎತ್ತಲು ಆಗುವುದಿಲ್ಲ. ಹೆಂಡತಿ ಏಳು ತಿಂಗಳ ಬಸುರಿ. ಒಂದು ದಿನ ಅವನು ನಮ್ಮ ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಆಂಟಿ, ಇನ್ನು ನನ್ ಕೈಲಾಗ್ತಾ ಇಲ್ಲ. ನಿಮ್ಮತ್ತೆ ಇದ್ರಲ್ಲ, ಆ ಕೆಂಗೇರಿದು..."

ಆ ಮನೆ ಮುಚ್ಚಿಹೋಗಿತ್ತು. ಜಾಗದ ಮಾಲೀಕರು ಬಿಡಿಸಿದ್ದರು. ಅದನ್ನು ನಡೆಸುತ್ತಿದ್ದ ಹೆಂಗಸು ಊರಿಗೆ ಹೋದಳೆಂದು ಯಾರೋ ಹೇಳಿದರು. ಅವನು ಫೋನಿನಲ್ಲಿ ಹುಡುಕಿ ಇನ್ನೊಂದು ಗೊತ್ತುಮಾಡಿದ್ದ, ಮಾಗಡಿ ರಸ್ತೆಯ ಕಡೆಯದು. "ನೀವು ಒಂದ್ಸಲ ನೋಡ್ಕೊಂಡು ಬನ್ನಿ ಆಂಟಿ. ಅತ್ತೆ ನಿಮಗೆ ಎಲ್ಲಾ ಹೇಳ್ಕೊಟ್ಟಿದಾರಂತಲ್ಲ. ನೀವು ಹೂಂ ಅಂದ್ರೆ ಸೇರಿಸ್ತೀನಿ."

ನೋಡಲು ಹೋದೆ. ಆದರೆ ನಾನು ಹೋದದ್ದು ಭಾನುವಾರ, ಅವನು ಅಲ್ಲಿಗೆ ಮೊದಲೇ ಫೋನ್ ಮಾಡಿ ತಿಳಿಸಿದ್ದ. ಮೂವರು ಆಯಾಗಳಿದ್ದರು. ಬೆಲ್ ಒತ್ತಿದೆ, ಒಬ್ಬಳು ಓಡಿ ಬಂದಳು. ಇಬ್ಬರ ಹಿಮ್ಮಡಿ ನೋಡಿದೆ, ಚೆನ್ನಾಗಿತ್ತು. ಟಾಯ್ಲೆಟ್ ಚೊಕ್ಕಟವಾಗಿತ್ತು, ನೆಲ ಒಣಗಿತ್ತು. ಹನ್ನೊಂದೂವರೆ ಆಗಿತ್ತು. ಊಟಕ್ಕೆ ಇನ್ನೂ ಒಂದು ಗಂಟೆಯಿತ್ತು. ಅವತ್ತು ಮನೆಗೆ ನಾದಿನಿಯ ಮನೆಯವರು ಬರುವವರಿದ್ದರು, ಅಡುಗೆ ಆಗಿರಲಿಲ್ಲ. ಕೂರಬೇಕು ಎಂದು ನನಗೆ ಗೊತ್ತಿತ್ತು. ಮರೆತದ್ದಲ್ಲ. ಬಾಗಿಲ ಹತ್ತಿರ ಕುರ್ಚಿಯೂ ಇತ್ತು... ನಾನು ಬಸ್ಸು ಹಿಡಿದು ಬಂದುಬಿಟ್ಟೆ. ದಾರಿಯಲ್ಲೇ ಅವನಿಗೆ ಫೋನ್ ಮಾಡಿ, "ಪರವಾಗಿಲ್ಲಪ್ಪ, ಸೇರಿಸು" ಅಂದೆ.

ಮೊದಲ ತಿಂಗಳು ಪರವಾಗಿಲ್ಲ ಎನ್ನುವ ಹಾಗೇ ಇತ್ತು. ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮೂರನೆಯ ಸಲ ಹೋದಾಗ ನೀರಿನ ಲೋಟ ಅವರ ಬಲಗಡೆ ಸ್ಟೂಲಿನ ಮೇಲಿತ್ತು. ಬಿದ್ದುಹೋದ ಕೈಯ ಕಡೆ. ಸಿಸ್ಟರಮ್ಮನ ತುಟಿ ಬಿರಿದಿತ್ತು. ಅವರು ನನ್ನನ್ನು ನೋಡಿ, ಲೋಟ ನೋಡಿ, ಮತ್ತೆ ನನ್ನನ್ನು ನೋಡಿದರು. ನಾನು ಸ್ಟೂಲನ್ನು ಎಡಗಡೆಗೆ ಎಳೆದಿಟ್ಟು ನೀರು ಕುಡಿಸಿದೆ. ಇಡೀ ಲೋಟ ಒಂದೇ ಉಸಿರಿಗೆ ಕುಡಿದರು. ಮುಂದಿನ ಸಲ ಹೋದಾಗ ಲೋಟ ಮತ್ತೆ ಬಲಗಡೆಗೇ ಬಂದಿತ್ತು.

ಅಲ್ಲಿದ್ದವಳು ಒಬ್ಬಳೇ ಆಯಾ. ರಾಯಚೂರು ಕಡೆಯವಳು, ವಯಸ್ಸು ಇಪ್ಪತ್ತೈದು ಇರಬಹುದು. ನಾನು ಭಾನುವಾರ ನೋಡಿದ್ದ ಉಳಿದಿಬ್ಬರು ಎಲ್ಲಿ ಎಂದು ಕೇಳಿದೆ.

"ಅವ್ರು ಬಿಟ್ಟು ಹೋಗ್ಯಾರ್ರೀ ಅಕ್ಕಾರ. ನಾ ಒಬ್ಬಾಕೀನೇ ಅದೀನಿ. ಹದಿನಾಲ್ಕು ಮಂದಿ ಅದಾರ. ಯಾರ್ನ ಮೊದಲ ಎತ್ತಲಿ, ಯಾರ್ನ ಆಮೇಲೆ ಎತ್ತಲಿ, ನೀವ ಹೇಳ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ನಾನು ಹೇಳಲಿ ಎಂದು ಕಾಯುತ್ತಿದ್ದ ಹಾಗಿತ್ತು. ನನಗೆ ಅವಳನ್ನು ಬೈಯಲಾಗಲಿಲ್ಲ.

ಸಿಸ್ಟರಮ್ಮನ ಹತ್ತಿರ ವಾಪಸು ಬಂದು ಕಾಲಿನ ಕಡೆಯ ಹೊದಿಕೆ ಎತ್ತಿದೆ. ಬಲಗಾಲಿನ ಹಿಮ್ಮಡಿ ಕಪ್ಪಾಗಿತ್ತು. ಕೆಂಪಲ್ಲ, ಕಪ್ಪು. ಸುತ್ತ ಚರ್ಮ ಬಿಟ್ಟುಕೊಂಡಿತ್ತು, ಹಾಸಿಗೆಗೆ ಅಂಟಿತ್ತು.

ಪೇಷೆಂಟಿನ ಎದುರು ಮುಖ ಬದಲಾಯಿಸಬಾರದು ಎಂದು ಅವರೇ ಒಮ್ಮೆ ಹೇಳಿದ್ದರು. ನನ್ನ ಮುಖ ಬದಲಾಯಿತು. ಅದನ್ನು ಅವರು ನೋಡಿದರು. ನಲವತ್ತು ವರ್ಷ ಬೇರೆಯವರ ಹಿಮ್ಮಡಿ ನೋಡಿದವರು, ತಮ್ಮದನ್ನು ನೋಡಿಕೊಳ್ಳಲು ಆಗದೆ, ನನ್ನ ಮುಖದಲ್ಲಿ ಓದಿಕೊಂಡರು. ಆಮೇಲೆ ಎಡಗೈಯಿಂದ ಹೊದಿಕೆಯ ಅಂಚನ್ನು ಹುಡುಕಿ, ಎರಡು ಮೂರು ಸಲ ಜಾರಿ, ಕೊನೆಗೆ ಹಿಡಿದು, ಕಾಲ ಮೇಲೆ ಎಳೆದುಕೊಂಡರು. ನಾನು ನೋಡಬಾರದು ಅಂತಲೋ, ಇನ್ನು ನೋಡಿ ಪ್ರಯೋಜನವಿಲ್ಲ ಅಂತಲೋ... ಇವತ್ತಿಗೂ ನನಗೆ ತಿಳಿದಿಲ್ಲ.

ಮ್ಯಾನೇಜರ್ ಹೆಂಗಸಿನ ಹತ್ತಿರ ಹೋಗಿ ಕೂಗಾಡಿದೆ. ಅವಳು ಫೈಲಿನಿಂದ ತಲೆ ಎತ್ತದೆ, "ಶುಗರ್ ಇದ್ಯಲ್ಲ ಮೇಡಂ ಅವ್ರಿಗೆ. ಶುಗರ್ ಇದ್ದೋರಿಗೆ ಬೆಡ್ ಸೋರ್ ಬಂದೇ ಬರುತ್ತೆ. ಡ್ರೆಸ್ಸಿಂಗ್ ಮಾಡಿಸ್ತೀವಿ" ಅಂದಳು.

ತಮ್ಮನ ಮಗ ಅವತ್ತೇ ಓಡಿ ಬಂದ. ಇಬ್ಬರೂ ಸೇರಿ ಒಂದು ವಾರ ಬೇರೆ ಜಾಗ ಹುಡುಕಿದೆವು. ಹುಣ್ಣಿರುವವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಎರಡು ಕಡೆ ಬಾಗಿಲಲ್ಲೇ ಹೇಳಿದರು. ಒಂದು ಕಡೆ ತೆಗೆದುಕೊಳ್ಳುತ್ತೇವೆ ಅಂದರು. ಒಳಗೆ ಹೋಗಿ ನೋಡಿದರೆ ಅಲ್ಲೂ ಒಬ್ಬಳೇ ಆಯಾ. ಆಸ್ಪತ್ರೆಯಲ್ಲಿ ಹುಣ್ಣು ಕೆರೆದು ಕಟ್ಟು ಕಟ್ಟಿ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಅವನ ಮನೆಯಲ್ಲಿ ಹೆಂಡತಿಗೆ ಹೆರಿಗೆಯಾಗಿ ಹತ್ತು ದಿನ. ಮತ್ತೆ ಆ ಮಾಗಡಿ ರಸ್ತೆಯ ಜಾಗಕ್ಕೇ ಕರೆದುಕೊಂಡು ಹೋಗಿ ಮಲಗಿಸಿದ.

ನಮ್ಮ ಮನೆಯಲ್ಲಿ ಅತ್ತೆಯ ಕೋಣೆ ಖಾಲಿಯಿತ್ತು. ಇದನ್ನು ಬರೆಯದೆ ಮುಂದೆ ಹೋಗಲಾಗುವುದಿಲ್ಲ. ಆ ಕೋಣೆಯಲ್ಲಿ ಅತ್ತೆಯ ಮಂಚವೂ ಹಾಗೇ ಇತ್ತು. ಕರೆದುಕೊಂಡು ಬರೋಣವೇ ಎಂದು ನಾನು ಯಜಮಾನರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಬೇಡ ಎನ್ನುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಯಾರು ಎತ್ತುವುದು, ಯಾರು ತೊಳೆಯುವುದು, ನನಗೆ ರಜೆ ಎಲ್ಲಿದೆ ಎಂದು ಬಟ್ಟೆ ಮಡಿಸುತ್ತಾ, ತರಕಾರಿ ಹೆಚ್ಚುತ್ತಾ ನನ್ನಷ್ಟಕ್ಕೆ ನಾನೇ ವಾದ ಮಾಡಿಕೊಂಡು ಗೆದ್ದೆ. ಒಂದು ಬೆಳಿಗ್ಗೆ ಆಫೀಸಿಗೆ ಹೊರಡುವಾಗ ತಮ್ಮನ ಮಗನ ಫೋನ್ ಬಂತು. ನಂಜು ಮೈಯೆಲ್ಲ ಏರಿ ಹೋಗಿಬಿಟ್ಟರು ಎಂದ.

ಮೈ ತೊಳೆಸುವಾಗ ನಾನೂ ಹೋದೆ. ಆ ರಾಯಚೂರಿನ ಹುಡುಗಿ ನೀರು ಹಾಕಿದಳು. ಸೊಂಟದಲ್ಲಿ ಇನ್ನೊಂದು ಹುಣ್ಣಿತ್ತು, ಅಂಗೈ ಅಗಲ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಅವಳು ಅಳುತ್ತಾ, "ಈ ಅಮ್ಮಾರು ನಂಗೆ ಎಡಗೈಲೇ ತೋರ್ಸತಿದ್ರು ರೀ, ಹೆಂಗ ಮಗ್ಗಲಾ ಹೊಳ್ಳಿಸ್ಬೇಕು ಅಂತ. ನಂಗ ತಿಳೀಲಿಲ್ಲ" ಅಂದಳು.

ವೈಕುಂಠ ಸಮಾರಾಧನೆಯ ದಿನ ತಮ್ಮನ ಮಗ ನನ್ನ ಎಲೆಯ ಮುಂದೆ ಬಂದು ನಿಂತು, "ನೀವು ನೋಡಿ ಹೇಳಿದ್ರಲ್ಲ ಆಂಟಿ, ಅದೊಂದು ಧೈರ್ಯ ಇತ್ತು ನಂಗೆ" ಅಂದ. ಅಣಕವಲ್ಲ, ಮನಸಾರೆ ಹೇಳಿದ. ನಾನು ಎಲೆಯ ಮೇಲಿದ್ದ ವಡೆ ಮುರಿದು ಬಾಯಿಗಿಟ್ಟುಕೊಂಡೆ.

ಈಗ ಸಿಸ್ಟರಮ್ಮ ಇದ್ದ ಮನೆಯನ್ನು ಕೆಡವಿದ್ದಾರೆ, ಪಿಜಿ ಏಳುತ್ತಿದೆ. ಬೀದಿಯಲ್ಲಿ ಬಿಪಿ ನೋಡಿಸಿಕೊಳ್ಳಲು ಎಲ್ಲರೂ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಛತ್ರದಿಂದ ಬಂದ ಎರಡು ದಿನಕ್ಕೆ ತಮ್ಮನ ಮಗ ಫೋನ್ ಮಾಡಿದ. ಅವನ ತಾಯಿಗೆ ಈಗ ಮರೆವು. ಗ್ಯಾಸ್ ಹಚ್ಚಿಟ್ಟು ಬಾಗಿಲು ತೆಗೆದು ಹೋಗಿಬಿಡುತ್ತಾರಂತೆ.

"ಒಂದು ಜಾಗ ನೋಡಿದೀನಿ ಆಂಟಿ. ನೀವೊಂದ್ಸಲ ಬಂದು ನೋಡಿ ಹೇಳ್ತೀರಾ?"

ಇಷ್ಟು ವರ್ಷ ಗಂಟಲಲ್ಲಿದ್ದದ್ದು ಆಗ ಹೊರಗೆ ಬಂತು. "ನಿಮ್ಮತ್ತೆಗೆ ಅಂತ ನೋಡೋಕೆ ಹೋದಾಗ ನಾನು ಊಟದ ಹೊತ್ತಿನವರೆಗೂ ಕೂರ್ಲಿಲ್ಲ ಕಣಪ್ಪ. ಕೂರ್ಬೇಕಿತ್ತು. ಕೂತಿದ್ರೆ ಗೊತ್ತಾಗ್ತಿತ್ತು."

ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನೀವು ಕೂತಿದ್ರೂ ಅಲ್ಲಿಗೇ ಸೇರಿಸ್ತಿದ್ದೆ ಆಂಟಿ," ಎಂದ. "ಬೇರೆ ಎಲ್ಲಿತ್ತು ಹೇಳಿ?"

ಶನಿವಾರ ಇಬ್ಬರೂ ಹೋಗುತ್ತಿದ್ದೇವೆ. ಫೋನ್ ಮಾಡದೆ ಹೋಗುತ್ತೇವೆ, ಎಲ್ಲವನ್ನೂ ನೋಡುತ್ತೇವೆ. ಏನು ಕಾಣುತ್ತದೆ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಹೊರಗೆ ಬಂದ ಮೇಲೆ "ಇಲ್ಲಿ ಬೇಡ" ಎಂದು ಹೇಳಬಲ್ಲವರು ಒಬ್ಬರಿದ್ದರು, ಅವರು ಹೋದರು. ನಾನು ಹೂಂ ಅನ್ನುತ್ತೇನೆ.