ಗೋಣಿ ತಟ್ಟಿನ ಸ್ನಾನ

ನಾಯಿ ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ. ಅದನ್ನು ಮುಚ್ಚಿಟ್ಟು ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ಅದರ ಜೊಲ್ಲು, ಕೂತೆದ್ದ ಕಡೆಯೆಲ್ಲ ಅದು ಬಿಟ್ಟು ಹೋಗುವ ಕೂದಲು, ಎಲ್ಲಿ ಏನು ಮೂಸಿ ಬಂದಿದೆಯೋ ಆ ಮೂತಿಯನ್ನೇ ತಂದು ನಮ್ಮ ಕೈಗೆ ಒತ್ತುವ ರೀತಿ, ಯಾವುದೂ ನನಗೆ ಆಗುವುದಿಲ್ಲ. ನಮ್ಮ ಮನೆಯವರು ಮೋಟೆಬೆನ್ನೂರಿನ ಬಸ್ ಸ್ಟಾಪಿನಿಂದ ಒಂದು ಮರಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ ದಿನ ಆ ಅಂಗಿಯನ್ನು ಕುದಿಯುವ ನೀರಿಗೆ ಹಾಕಿ ಒಗೆದೆ. ಮರಿಯನ್ನೂ ಹಾಗೇ ಹಾಕಿಬಿಡುತ್ತೇನೋ ಏನೋ ಅಂತ ಅವರು ಅದನ್ನು ನನ್ನ ಕೈಗೆ ಕೊಡಲೇ ಇಲ್ಲ.

ಬ್ಯಾಡಗಿಯಲ್ಲಿ ನಮ್ಮದೊಂದು ಖಾರದ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಅಂಗಳ. ಅವರು ಮೆಣಸಿನಕಾಯಿ ಬೀಸಿ ಪುಡಿ ಮಾಡುತ್ತಾರೆ, ನಾನು ಅಂಗಳದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತೇನೆ. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹಾವೇರಿಯಲ್ಲಿದ್ದಾರೆ. ಹೊರಗಿನವರು ನಮ್ಮ ಓಣಿಗೆ ಕಾಲಿಟ್ಟ ಕೂಡಲೇ ಸೀನಲು ಶುರು ಮಾಡುತ್ತಾರೆ. ನಮಗೆ ಅದೆಲ್ಲ ಎಂದೋ ಹೋಗಿದೆ.

ನಾಯಿ ದೊಡ್ಡದಾಯಿತು, ಅದರ ಗಲೀಜೂ ಅದರ ಜೊತೆಗೆ ದೊಡ್ಡದಾಯಿತು. ಹದಿನೈದು ದಿನಕ್ಕೊಮ್ಮೆ ಅದಕ್ಕೆ ಸ್ನಾನ ಆಗಲೇಬೇಕು ಅಂತ ನಾನು ಕರಾರು ಹಾಕಿದ್ದೆ. ಆದರೆ ಅದಕ್ಕೆ ನೀರೆಂದರೆ ಜೀವ ಹೋದಷ್ಟು ಅಂಜಿಕೆ. ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಹೊಕ್ಕು, ಅಲ್ಲೇ ಉಚ್ಚೆ ಹೊಯ್ದುಕೊಂಡು ಗಡಗಡ ನಡುಗುತ್ತಿತ್ತು. ಆ ಉಚ್ಚೆಯನ್ನು ಒರೆಸುವವಳು ನಾನೇ. ಮನೆಯವರು ಅದನ್ನು ಎಳೆದು ತಂದು ಅಂಗಳದ ಕಲ್ಲಿನ ಮೇಲೆ ನಿಲ್ಲಿಸಿ ಕೊರಳು ಹಿಡಿದುಕೊಂಡರೆ, ನಾನು ಬಟ್ಟೆ ಸಾಬೂನು ಹಚ್ಚಿ ಗೋಣಿ ತಟ್ಟಿನಿಂದ ತಿಕ್ಕುತ್ತಿದ್ದೆ.

ನಮ್ಮಲ್ಲಿ ತಿಕ್ಕುವುದು ಅಂದರೆ ಗೋಣಿ ತಟ್ಟೇ. ಎತ್ತಿನ ಮೈಗೂ ಅದೇ, ಕರಿ ಹಿಡಿದ ಹಂಡೆಗೂ ಅದೇ, ಹಬ್ಬದ ಹಿಂದಿನ ದಿನ ಹೊಸ್ತಿಲಿಗೂ ಅದೇ. ಗಿರಣಿಯಲ್ಲಿ ಖಾಲಿ ಚೀಲಕ್ಕೇನು ಬರವೇ. ಕೈಗೆ ಸಿಕ್ಕಿದ ಚೀಲದಿಂದ ಒಂದು ತುಂಡು ಹರಿದುಕೊಂಡರೆ ಆಯಿತು.

ಸ್ನಾನ ಮಾಡಿಸಿ ಬಿಟ್ಟ ಕೂಡಲೇ ಅದು ಮಾಡುತ್ತಿದ್ದದ್ದು ನೋಡಿದರೆ ಎಂಥವರಿಗೂ ಪಿತ್ತ ನೆತ್ತಿಗೇರಬೇಕು. ಹುಚ್ಚು ಹಿಡಿದ ಹಾಗೆ ಓಡಿ ಹೋಗಿ ಹಿತ್ತಲಿನ ಗಟಾರದಲ್ಲಿ ಬೀಳುತ್ತಿತ್ತು. ಹೊಟ್ಟೆ ಕೆಳಗೆ ಮಾಡಿ, ಬೆನ್ನು ಕೆಳಗೆ ಮಾಡಿ, ಕರಿ ಕೆಸರಿನಲ್ಲಿ ಹೊರಳುತ್ತಿತ್ತು. ಮುಖವನ್ನು ಆ ರಾಡಿಗೆ ಒತ್ತಿ ತಿಕ್ಕುತ್ತಿತ್ತು. ನನಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. ಅದರ ರಕ್ತದಲ್ಲೇ ಹೊಲಸು ಇದೆ, ಏನು ಮಾಡಿದರೂ ಹೋಗುವುದಿಲ್ಲ ಅನ್ನುತ್ತಿದ್ದೆ. ಮತ್ತೆ ಎಳೆದು ತಂದು, ಮತ್ತೆ ತಿಕ್ಕುತ್ತಿದ್ದೆ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಗಟಾರದಲ್ಲಿ ಸತ್ತು ಬಿದ್ದಿದ್ದ ಹೆಗ್ಗಣದ ಮೇಲೆ ಹೊರಳಿ ಬಂತು. ಆ ನಾತವನ್ನು ಹೇಗೆ ಹೇಳಲಿ. ಒಲೆಯ ಮೇಲಿದ್ದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಸತ್ತು ಹೋಯಿತು. ಬೆನ್ನಿನ ಕೂದಲಿಗೆ ಏನೋ ಲೋಳೆ, ಅದರಲ್ಲಿ ಮಿಜಿಮಿಜಿ ಹುಳು. ಆ ಬೆನ್ನನ್ನು ನಾನು ಒಣಹಾಕಿದ್ದ ಸೀರೆಗೆ ಒರೆಸಿತು. ನಾನು ಬಚ್ಚಲಿಗೆ ಓಡಿ ಹೋಗಿ ವಾಂತಿ ಮಾಡಿದೆ.

"ಇವತ್ತ ಇದರ ಚರ್ಮ ಸುಲದ ಬಿಡ್ತೇನಿ, ಹಿಡೀರಿ ನೀವು," ಅಂದೆ.

"ಸಾವಕಾಶ ತಿಕ್ಕ. ಅದೂ ಒಂದ ಜೀವ ಐತಿ," ಅಂದರು ಮನೆಯವರು.

ಸಾವಕಾಶ ತಿಕ್ಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು, ಹೊಸದೊಂದು ತಟ್ಟು ಹರಿದುಕೊಂಡು, ಬೆನ್ನು, ಹೊಟ್ಟೆ, ತೊಡೆಸಂದಿ, ಮುಖ ಬಿಡದೆ ತಿಕ್ಕಿದೆ. ನಾಯಿ ಮೊದಲು ಕುಂಯ್ ಅಂದಿತು, ಆಮೇಲೆ ಮಗು ಕಿರುಚಿದ ಹಾಗೆ ಕಿರುಚಿತು. ಓಣಿಯವರು ಬಂದು ಇಣುಕಿದರು. ಇನ್ನೊಂದು ಸಲ ಕಣ್ಣಿನ ಹತ್ತಿರ ತಟ್ಟು ಒಯ್ದೆ. ಅದು ಕತ್ತು ತಿರುಗಿಸಿ ಹಿಡಿದುಕೊಂಡವರ ಕೈಗೆ ಬಾಯಿ ಹಾಕಿತು. ಹೆಬ್ಬೆರಳ ಬುಡದಲ್ಲಿ ಹಲ್ಲು ಆಳವಾಗಿ ಇಳಿದಿತ್ತು. ಸಾಬೂನಿನ ನೊರೆ ಕೆಂಪಗಾಗಿ ಕಲ್ಲಿನ ಮೇಲೆ ಹರಿಯಿತು.

ಹಾವೇರಿಗೆ ಹೋಗಿ ಸೂಜಿ ಹಾಕಿಸಿಕೊಂಡು ಬಂದೆವು. ಬಸ್ಸಿನಲ್ಲೇ ನಾನು ತೀರ್ಮಾನ ಹೇಳಿದೆ, ಮನೆಯಲ್ಲಿ ಅದು ಇರಬೇಕು, ಇಲ್ಲ ನಾನಿರಬೇಕು. ಅವರು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಎರಡು ದಿನ ಕಳೆದು ಮೇಡ್ಲೇರಿಯಿಂದ ನನ್ನ ನಾದಿನಿ, ಅಂದರೆ ಅವರ ತಂಗಿ, ಗಿರಣಿಗೆ ಖಾರ ಬೀಸಿಸಲು ಟೆಂಪೋ ಮಾಡಿಕೊಂಡು ಬಂದಿದ್ದವಳು, ನಾಯಿಯನ್ನು ಅದರಲ್ಲೇ ಹತ್ತಿಸಿಕೊಂಡು ಹೋದಳು. ಅವರ ಹೊಲ ತುಂಗಭದ್ರೆಯ ದಂಡೆಗೇ ಇದೆ.

"ಇದಕ್ಕ ನೀರಂದ್ರ ಆಗಂಗಿಲ್ಲವ್ವಾ, ಹೊಳಿ ಕಡೆ ಒಯ್ಯಬ್ಯಾಡ, ಅಂಜಿ ಓಡಿ ಹೋಗತೈತಿ," ಅಂತ ಮನೆಯವರು ಟೆಂಪೋ ಹಿಂದೆ ನಡೆಯುತ್ತಾ ಹೇಳಿದರು. ನಾನು ಮಂಚದ ಕೆಳಗೆ ಫಿನಾಯಿಲ್ ಹಾಕಿ ತೊಳೆಯುತ್ತಿದ್ದೆ.

ಮನೆ ಸ್ವಚ್ಛವಾಯಿತು. ಕೂದಲಿಲ್ಲ, ನಾತವಿಲ್ಲ. ಆದರೆ ಅವರು ಊಟಕ್ಕೆ ಕೂತಾಗ ರೊಟ್ಟಿಯ ಕೊನೆಯ ಚೂರನ್ನು ನಾಯಿಗೆಂದು ತಟ್ಟೆಯ ಅಂಚಿಗೆ ಇಟ್ಟು, ಕೈ ತಡೆದು ಕೂತುಬಿಡುವುದು ನಿಲ್ಲಲಿಲ್ಲ. ಗಿರಣಿ ನಿಲ್ಲಿಸಿದ ಮೇಲೆ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದರು. ನನ್ನ ಜೊತೆ ಮಾತು ಕಡಿಮೆಯಾಯಿತು. ಒಂದು ತಿಂಗಳು ನೋಡಿದೆ. ನಾಯಿಗಾಗಿ ಅಲ್ಲ, ಆ ಮೋರೆ ನೋಡಲಾಗದೆ ಸೋತೆ. ಕರೆದುಕೊಂಡು ಬರೋಣ, ಆದರೆ ಹೊಳೆಯಲ್ಲೇ ನಾನು ಅದಕ್ಕೆ ಚೆನ್ನಾಗಿ ಸ್ನಾನ ಮಾಡಿಸುತ್ತೇನೆ, ಆಮೇಲೆ ಮನೆಗೆ, ಅಂದೆ. ಅವರು ಆವತ್ತು ಎರಡು ರೊಟ್ಟಿ ಹೆಚ್ಚು ತಿಂದರು. ನಾನು ಚೀಲದಲ್ಲಿ ಸಾಬೂನು, ಗೋಣಿ ತಟ್ಟು ಇಟ್ಟುಕೊಂಡೆ.

ಬೆಳಗಿನ ಬಸ್ಸಿಗೆ ರಾಣೇಬೆನ್ನೂರಿಗೆ ಹೋಗಿ, ಅಲ್ಲಿಂದ ಮೇಡ್ಲೇರಿಗೆ ಹೋದೆವು. ನಾದಿನಿ ನಮ್ಮನ್ನು ಸೀದಾ ಹೊಳೆಯ ದಂಡೆಗೆ ಕರೆದುಕೊಂಡು ಹೋದಳು. ನಾಯಿ ಕುತ್ತಿಗೆಯ ತನಕ ನೀರಿನಲ್ಲಿ ಮುಳುಗಿ ಕೂತಿತ್ತು. ಕಣ್ಣು ಮುಚ್ಚಿತ್ತು. ಎಮ್ಮೆ ಹೊಂಡದಲ್ಲಿ ಬಿದ್ದಿರುತ್ತದಲ್ಲ, ಹಾಗೆ.

"ನೀರಂದ್ರ ಆಗಂಗಿಲ್ಲ ಅಂದಿದ್ದೆಲ್ಲೋ ಅಣ್ಣಾ," ನಾದಿನಿ ನಕ್ಕಳು. "ಮುಂಜಾನಿಂದ ಹೊಳ್ಯಾಗ ಐತಿ. ಉಣ್ಣಾಕ ಕರದರೂ ಬರಂಗಿಲ್ಲ."

ಅದರ ಮೈ ಬೆಳ್ಳಗೆ ಹೊಳೆಯುತ್ತಿತ್ತು. ನಾತ ಇರಲಿಲ್ಲ. ನನ್ನ ಮನೆಯಲ್ಲಿ ಅದು ಒಂದು ದಿನವೂ ಅಷ್ಟು ಸ್ವಚ್ಛ ಇದ್ದದ್ದು ನಾನು ಕಂಡಿರಲಿಲ್ಲ. ಆದರೂ ನಾನು ಬಿಡಬೇಕಲ್ಲ. ಸಾಬೂನು ಹಚ್ಚದೆ ಅದೆಂಥ ಸ್ವಚ್ಛ ಅಂತ ತಟ್ಟು ಹೊರಗೆ ತೆಗೆದೆ. ನಾದಿನಿ ಇಸಿದುಕೊಂಡು ನೀರಿಗೆ ಅದ್ದಿ ಹಿಂಡಿದಳು. ಒಂದೇ ಸಮ ಸೀನಿದಳು. ಕೈ ಜಾಡಿಸಿದಳು.

"ಇದು ಮೆಣಸಿನಕಾಯಿ ಚೀಲ ಅಲ್ಲೇನ್ರಿ ವೈನಿ?"

"ಹೌದು. ಅದಕ್ಕೇನಾತೀಗ? ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕಷ್ಟ, ಉರಿ ಇರಂಗಿಲ್ಲ."

"ಗಿರಣಿಗೆ ಗುಂಟೂರು ಕಾಯೀನೂ ಬರತೈತೆಲ್ರಿ," ಅಂದಳು ಅವಳು. "ಇದರಲೆ ನಾಯಿ ತಿಕ್ಕತಿದ್ರಿ?"

ನಾನು ತಟ್ಟು ಕಸಿದುಕೊಂಡು ನನ್ನ ಮುಂಗೈಗೆ ತಿಕ್ಕಿ ತೋರಿಸಿದೆ. ಏನೂ ಆಗಲಿಲ್ಲ. ನೋಡು ಅಂದೆ. ಅವಳು ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು. ಆಮೇಲೆ ದನಿ ಇಳಿಸಿದಳು.

"ಸಿಟ್ಟಾಗಬ್ಯಾಡ್ರಿ ವೈನಿ. ನಿಮ್ಮ ಕೈಗೆ ತಿಳಿಯಂಗಿಲ್ಲ. ನೀವು ಬಂದಾಗೊಮ್ಮೆ ನಾ ಟಾವೆಲ್ ಬ್ಯಾರೆ ಇಟ್ಟಿರತೇನಿ. ನೀವು ಒರಸಿದ್ದರಲೆ ನಾವು ಮಾರಿ ಒರಸಿದ್ರ ಉರೀತೈತಿ. ನನ್ನ ಕೂಸಿನ್ನ ನಿಮ್ಮ ಕೈಯಾಗ ಯಾಕ ಕೊಡತಿದ್ದಿಲ್ಲ ಮತ್ತ?"

ನಾಯಿಗೆ ಬೇರೆ ತಟ್ಟೆ, ಬೇರೆ ಗೋಣಿ, ಬೇರೆ ಮೂಲೆ ಮಾಡಿಟ್ಟವಳು ನಾನು. ನನಗೂ ಒಂದು ಟವೆಲ್ ಬೇರೆ ಇತ್ತು, ಇಷ್ಟು ವರ್ಷ. ತಟ್ಟನ್ನು ಒಮ್ಮೆ ಕುತ್ತಿಗೆಗೆ, ಕಿವಿಯ ಹಿಂದೆ ತಿಕ್ಕಿಕೊಂಡೆ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಹತ್ತಿಕೊಂಡಿತು. ಕಣ್ಣಲ್ಲಿ ನೀರು ಬಂತು. ಆಗ ನನಗೆ ಗಟಾರ ನೆನಪಾಯಿತು. ಸಾಬೂನಿನ ಮೈಯಲ್ಲಿ ಓಡಿ ಹೋಗಿ ಅದು ಕೆಸರಿಗೆ ಮುಖ ಒತ್ತುತ್ತಿದ್ದದ್ದು ನೆನಪಾಯಿತು. ತಣ್ಣಗಿದ್ದದ್ದು ಅಲ್ಲಿ ಅದೊಂದೇ. ನನ್ನ ಕೈಗಳನ್ನು ನೋಡಿಕೊಂಡೆ. ಉಗುರಿನ ಸಂದಿಯ ಕೆಂಪು, ಬೆರಳ ಗೆರೆಗಳ ಕೆಂಪು. ಹುಳುವಿನ ಬೆನ್ನು ನೋಡಿ ಬಂದ ವಾಕರಿಕೆಯೇ ಬಂತು.

ಮನೆಯವರು ದಂಡೆಯ ಮೇಲೆ ಕೂತು ಸಿಳ್ಳೆ ಹಾಕಿದರು. ನಾಯಿ ಕಣ್ಣು ತೆರೆದು, ನೀರು ಸಿಡಿಸುತ್ತ ಓಡಿ ಬಂದು ಅವರ ಎದೆಗೆ ಕಾಲು ಕೊಟ್ಟು ನಿಂತಿತು. ಹೆಬ್ಬೆರಳ ಬುಡದ ಗಾಯದ ಕಲೆಯನ್ನು ನೆಕ್ಕಿತು. ಅವರು ಅದರ ಕಿವಿಗೆ ಏನೋ ಹೇಳಿದರು. ನಾನು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಜನ್ಮದಲ್ಲಿ ಮೊದಲ ಸಲ, ತಟ್ಟಿಲ್ಲದೆ, ಸಾಬೂನಿಲ್ಲದೆ, ಬರಿಗೈ ಚಾಚಿದೆ.

ಅದು ಕತ್ತು ಮುಂದೆ ಮಾಡಿ ಬೆರಳು ಮೂಸಿತು. ಬಾಲ ಹೊಟ್ಟೆಯ ಕೆಳಗೆ ಹೋಯಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ನನ್ನ ಮೇಲಿನ ಕಣ್ಣು ತೆಗೆಯದೆ ಹಿಂದಕ್ಕೆ ಹೆಜ್ಜೆ ಇಡುತ್ತ ಹೊಳೆಗೆ ಇಳಿಯಿತು. ಮೊಣಕಾಲು, ಹೊಟ್ಟೆ, ಕುತ್ತಿಗೆ.

ಮನೆಯವರು ನನ್ನನ್ನು ಬೈಯಲಿಲ್ಲ.

"ಇಲ್ಲೇ ಇರ್ಲಿ ಬಿಡು," ಅಂದರು. ಎದ್ದು ಧೋತರ ಜಾಡಿಸಿಕೊಂಡರು.

ನಾವು ದಂಡೆ ಹತ್ತಿ, ಹೊಲ ದಾಟಿ, ರಸ್ತೆಗೆ ಬಂದು ತಿರುಗಿ ನೋಡಿದಾಗಲೂ ಅದು ನೀರಿನಲ್ಲೇ ಇತ್ತು.