ಮಗಳು ಪಾಸಾಗುವ ತನಕ ಮೀನಿಲ್ಲ

ಮೊನ್ನೆ ಕೆರಾಡಿಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಒತ್ತಿದೆ. ನನ್ನ ಹಾರ್ನ್ ಆ ಭಾಗದ ಬೆಕ್ಕುಗಳಿಗೂ ಗೊತ್ತು. ಬೆಕ್ಕುಗಳು ಓಡಿ ಬಂದವು. ದಿನಾ ಪಾತ್ರೆ ಹಿಡಿದುಕೊಂಡು ಬರುವ ಮನೆಯಾಕೆ ಮಾತ್ರ ಬರಿಗೈಯಲ್ಲಿ ಬಂದು ಗೇಟಿನ ಆಚೆಯೇ ನಿಂತರು. ಐಸಿನ ಡಬ್ಬದಿಂದ ಬರುತ್ತಿದ್ದ ಬಂಗಡೆಯ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಅದು ಹೇಸಿಗೆಯಿಂದಲ್ಲ, ಆಸೆಯಿಂದ ಎಂದು ಇಪ್ಪತ್ತು ವರ್ಷದಿಂದ ಮೀನು ಮಾರುವ ನನಗೆ ಗೊತ್ತಾಗದೆ ಇರುತ್ತದೆಯೇ?

"ಹ್ವಾಯ್, ಇನ್ ಸ್ವಲ್ಪ ದಿನ ನಮ್ಗೆ ಮೀನ್ ಬೇಡ. ಮಗಂದ್ ಹತ್ತನೇ ಕ್ಲಾಸ್ ಪರೀಕ್ಷೆ ಅಲ್ದಾ? ಅದ್ ಮುಗಿವರೆಗೆ ಮನಿಯಗೆ ಎಲ್ಲರೂ ಬಿಟ್ಟದ್ದ್" ಎಂದರು.

"ಆಯ್ತ್ ಅಕ್ಕ" ಎಂದೆ. ಇನ್ನೂ ಏನೋ ಹೇಳಬೇಕು ಅನ್ನಿಸಿತು. ಗಾಡಿ ಸ್ಟಾರ್ಟ್ ಮಾಡಿ ಮುಂದಿನ ಮನೆಗೆ ಹೋದೆ. ದಾರಿಯುದ್ದಕ್ಕೂ ಎರಡು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣೆದುರು ಬಂತು. ಅದನ್ನು ನಿಮಗಾದರೂ ಹೇಳಿಬಿಡುತ್ತೇನೆ. ಮೀನು ಸುತ್ತಲು ತಂದ ಹಳೆಯ ಪೇಪರುಗಳನ್ನು ಓದಿ ಓದಿ ನನಗೆ ಓದಿನ ಚಟ ಹತ್ತಿತು, ಅದರ ಬೆನ್ನಿಗೇ ಬರೆಯುವ ಚಟವೂ ಬಂತು. ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮದು ನಾವುಂದ. ಮನೆಯಲ್ಲಿ ನಾನು, ಹೆಂಡತಿ ಸುಜಾತ, ಎಪ್ಪತ್ತು ದಾಟಿದ ನನ್ನ ಅಮ್ಮ, ಒಬ್ಬಳೇ ಮಗಳು ಶ್ರಾವ್ಯ. ಆ ವರ್ಷ ಅವಳು ಹತ್ತನೆಯ ತರಗತಿ. ನಾನು ಹತ್ತನೆಯ ಪರೀಕ್ಷೆ ಬರೆದಾಗ ಅದು ನನ್ನ ಅಪ್ಪನಿಗೆ ಗೊತ್ತಾದದ್ದು ಪರೀಕ್ಷೆ ಮುಗಿದ ಮೇಲೆ. "ಹ್ಞಾಂ, ಮುಗೀತಾ? ಹಂಗಾರೆ ನಾಳಿಂದ ದೋಣಿಗೆ ಬಾ" ಎಂದಿದ್ದರು, ಅಷ್ಟೆ. ಅಂಥವರ ಮಗನಾದ ನಾನು ಮಗಳ ಪರೀಕ್ಷೆಗೆ ಏನು ಮಾಡಬೇಕು? ಕಲಿಸಿಕೊಟ್ಟವರು ಯಾರೂ ಇಲ್ಲ. ಆದರೆ ಕೇಳದೆ ಹೇಳುವವರು ದಾರಿಯುದ್ದಕ್ಕೂ ಇದ್ದರು. ಒಬ್ಬ ಗಿರಾಕಿ ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಎಂದರು. ಅವರ ಪಕ್ಕದ ಮನೆಯವರು ಚೆನ್ನಾಗಿ ಮಲಗಲು ಬಿಡಿ ಎಂದರು. ಮತ್ತೊಬ್ಬರು ನೆನಪಿನ ಶಕ್ತಿಗೆ ಅಂತ ಒಂದು ಹಿಡಿ ಒಂದೆಲಗದ ಸೊಪ್ಪು ಕಿತ್ತು ಕೊಟ್ಟರು. ಶಾಲೆಯ ಪೋಷಕರ ಸಭೆಯಲ್ಲಿ ಟೀಚರುಗಳು, ಮಕ್ಕಳ ಮೇಲೆ ಒತ್ತಡ ಹಾಕಬೇಡಿ ಎಂದರು. ಅದೇ ಸಭೆಯಲ್ಲಿ, ಇನ್ನು ಟಿವಿ, ಮೊಬೈಲು, ಮದುವೆ, ನೆಂಟರು ಎಲ್ಲ ಬಂದ್ ಎಂದೂ ಹೇಳಿದರು. ಎರಡನ್ನೂ ನಾನು ಒಂದೇ ಪುಟದಲ್ಲಿ ಬರೆದುಕೊಂಡು ಬಂದೆ. ಮನೆಗೆ ಬಂದು ಓದಿದರೆ ಯಾವುದನ್ನು ಪಾಲಿಸಬೇಕು ಎಂದು ಗೊತ್ತಾಗಲಿಲ್ಲ.

ಸುಜಾತಳಿಗೆ ಇಂಥ ಗೊಂದಲವಿಲ್ಲ. ಒಂದು ಶುಕ್ರವಾರ ಊರಿನ ದೇವಸ್ಥಾನಕ್ಕೆ ಹೋಗಿ ದೇವಿಯ ಎದುರು ಕೈ ಮುಗಿದು, "ಹೆಣ್ಣ್ ಪಾಸಾಪ ತನ್ಕ ನಾನ್ ಮೀನ್ ತಿಂಬುದಿಲ್ಲೆ" ಎಂದು ಹರಕೆ ಹೇಳಿಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ನನಗೆ ಸುಮ್ಮನಿರಲು ನಾಚಿಕೆಯಾಗಿ, "ನಾನೂ" ಎಂದೆ. ಸುದ್ದಿ ಕೇಳಿ ಅಮ್ಮ ಎಲೆಯಡಿಕೆ ಬಿಟ್ಟರು. ಬೀಜಾಡಿಯಲ್ಲಿರುವ ಸುಜಾತಳ ಅಕ್ಕ ಸಂಜೆಯ ಧಾರಾವಾಹಿ ಬಿಟ್ಟರಂತೆ. ಮುಂಬೈಯ ಹೋಟೆಲಿನಲ್ಲಿರುವ ನನ್ನ ತಮ್ಮ ಶನಿವಾರದ ಬಾಟಲಿ ಬಿಟ್ಟದ್ದಾಗಿ ಫೋನು ಮಾಡಿದ. ಆಗ ನನಗೆ ಕಣ್ಣಲ್ಲಿ ನೀರೇ ಬಂತು. ಒಂದು ಹುಡುಗಿಯ ಹಿಂದೆ ಇಷ್ಟು ಜನ ನಿಂತಿದ್ದೇವಲ್ಲ ಎಂದು ಹೆಮ್ಮೆಪಟ್ಟೆ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಬೆಳಗಾದರೆ ನೂರು ಮನೆಗೆ ಮೀನು ಮುಟ್ಟಿಸುವವನು ಮನೆಗೆ ಬಂದು ಸೌತೆಕಾಯಿ ಹುಳಿ ಉಣ್ಣುವ ಪಾಡು ನಿಮಗೆ ಗೊತ್ತಿಲ್ಲ. ಅಮ್ಮನಿಗಂತೂ ಎಲೆಯಡಿಕೆಯಿಲ್ಲದೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಶ್ರಾವ್ಯಳಿಗೆ ದಿನಾ ಮೀನು ಇತ್ತು. ಓದುವ ಮಕ್ಕಳಿಗೆ ಶಕ್ತಿ ಬೇಕಲ್ಲ? ಸುಜಾತ ಅವಳೊಬ್ಬಳಿಗೇ ಎರಡು ಬಂಗಡೆ ಹುರಿದು ತಟ್ಟೆಗೆ ಹಾಕುತ್ತಿದ್ದಳು. ಆಮೇಲೆ ನಾವು ಮೂವರೂ ಸುತ್ತ ಕುಳಿತು, ಉಪ್ಪಿನಕಾಯಿ ನೆಕ್ಕುತ್ತಾ, ಅವಳು ತಿನ್ನುವುದನ್ನು ನೋಡುತ್ತಿದ್ದೆವು. ಪ್ರೀತಿಯಿಂದಲೇ ನೋಡುತ್ತಿದ್ದೆವು ಎಂದು ಆಗ ನಂಬಿದ್ದೆ. ಮೀನಿನ ಮೇಲೂ ಕಣ್ಣಿತ್ತು, ಇಲ್ಲವೆನ್ನಲಾರೆ.

ಒಂದು ವಾರ ಕಳೆಯಿತು. ಒಂದು ಮಧ್ಯಾಹ್ನ ಅವಳು ತಟ್ಟೆ ದೂಡಿದಳು.

"ನಂಗೂ ಬೇಡ."

"ಎಂತ ಬೇಡ? ನೀನ್ ತಿನ್ಕ್. ನಾವ್ ಬಿಟ್ಟದ್ದ್ ಯಾರಿಗೆ ಬೇಕಾಯಿ?" ಎಂದಳು ಸುಜಾತ.

ಹುಡುಗಿ ಮತ್ತೆ ತಟ್ಟೆ ಎಳೆದುಕೊಂಡು, ಮುಳ್ಳು ಕೂಡ ಸರಿಯಾಗಿ ತೆಗೆಯದೆ, ಔಷಧಿ ನುಂಗುವ ಹಾಗೆ ತಿಂದು ಮುಗಿಸಿದಳು. ತಿಂದಳಲ್ಲ ಎಂದು ನಮಗೆ ಸಮಾಧಾನವಾಯಿತು.

ಗಣಿತ ಪರೀಕ್ಷೆಯ ದಿನ ಅವಳನ್ನು ಕೇಂದ್ರದ ಗೇಟಿನ ಹತ್ತಿರ ಬಿಟ್ಟು, ನಾನು ಎಂದಿನಂತೆ ಡಬ್ಬ ಕಟ್ಟಿಕೊಂಡು ಕೆರಾಡಿಯ ಕಡೆ ಹೋದೆ. ಕಾಡಿನ ಅಂಚಿಗೆ ಗಿರಿಜಕ್ಕನ ಮನೆ, ನನ್ನ ಲೈನಿನ ಕೊನೆಯದು. ಹೊತ್ತು ಹನ್ನೆರಡಾಗಿತ್ತು. ಅವರು ಆಗಷ್ಟೇ ಗದ್ದೆಯ ಆಳುಗಳಿಗೆ ಊಟ ಬಡಿಸುತ್ತಿದ್ದರು. "ಬನ್ನಿ, ಒಂದ್ ತುತ್ತ್ ಉಂಡ್ಕಂಡ್ ಹೋಯ್ನಿ" ಎಂದು ನನಗೂ ಎಲೆ ಹಾಕಿಯೇಬಿಟ್ಟರು. ಹಾಕಿದ ಎಲೆಯನ್ನು ಬಿಟ್ಟು ಏಳುವುದು ಹೇಗೆ? ಬರೀ ಮೊಸರನ್ನ ಸಾಕು ಎಂದು ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಂಗಡೆಯ ಸಾರು ಅನ್ನದ ಮೇಲೆ ಇಳಿದಿತ್ತು, ಜೊತೆಗೊಂದು ತುಂಡು. ಆ ಮೊದಲ ತುಂಡಿಗೆ ಗಿರಿಜಕ್ಕ ಕಾರಣ. ಎರಡನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ. ಕೈ ತೊಳೆಯುವಾಗ ನೆನಪಾಯಿತು, ಮಗಳು ಈಗ ಲೆಕ್ಕ ಬಿಡಿಸುತ್ತಿದ್ದಾಳೆ ಎಂದು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಉಳಿದದ್ದೆಲ್ಲ ಪಾಸು, ಗಣಿತದಲ್ಲಿ ಪಾಸಿಗೆ ಏಳು ಮಾರ್ಕು ಕಮ್ಮಿ. ಶ್ರಾವ್ಯ ಮೊಬೈಲನ್ನು ಮಗುಚಿ ಇಟ್ಟು ಒಳಗೆ ಹೋದಳು. ಅಮ್ಮ ಜಗಲಿಯಲ್ಲಿ ಕುಳಿತು, "ಎಲ್ಲರೂ ಇಷ್ಟ್ ನೇಮದಗೆ ಇದ್ದೂ ಹೀಂಗೆ ಹೇಂಗೆ ಆಯ್ತ್? ಯಾರೋ ಎಲ್ಲೋ ತಪ್ಪಿರ್ಕ್" ಎಂದರು. ಅವರು ಯಾರನ್ನೂ ನೋಡಿ ಹೇಳಲಿಲ್ಲ. ನಾನು ಮಾತ್ರ ಬೆವತೆ. ನಗಬೇಡಿ. ದೇವರು ಎರಡು ತುಂಡು ಮೀನಿಗೆ ಏಳು ಮಾರ್ಕು ಕಳೆಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಕಳೆದಿದ್ದರೆ?

ನಾನು ಅಂದುಕೊಂಡಿದ್ದದ್ದು, ಪರೀಕ್ಷೆ ಮುಗಿದರೆ ಹರಕೆಯೂ ಮುಗಿಯಿತು ಎಂದು. ನಾನು, ಅಮ್ಮ, ಮುಂಬೈಯ ತಮ್ಮ, ಎಲ್ಲರೂ ಹಾಗೆಯೇ ಮುಗಿಸಿಕೊಂಡಿದ್ದೆವು. ಸುಜಾತ ಮುಗಿಸಿರಲಿಲ್ಲ. ಪಾಸಾಗುವ ತನಕ ಅಂದವಳು, ಪಾಸಾಗಿಲ್ಲವಲ್ಲ ಎಂದು ದಿನಾ ಉಪ್ಪಿನಕಾಯಿಯಲ್ಲೇ ಉಣ್ಣುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. ಶ್ರಾವ್ಯ ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಉಣ್ಣತೊಡಗಿದಳು. ಈಗ ಫೇಲಾದವರಿಗೆ ಆ ವರ್ಷವೇ ಎರಡನೆಯ ಪರೀಕ್ಷೆ ಉಂಟಲ್ಲ, ಅದಕ್ಕೆ ಹೆಸರು ಕೊಡುವ ಕೊನೆಯ ದಿನ ಹತ್ತಿರ ಬಂತು. ಅವಳು ಕೊಡುವುದಿಲ್ಲ ಎಂದಳು.

"ಎಂತಕೆ ಮಗಾ?"

"ಈ ಸಲವೂ ಫೇಲಾರೆ? ಅಮ್ಮ ಇಡೀ ವರ್ಷ ಉಪ್ಪಿನ್ಕಾಯಗೇ ಉಣ್ಕಾ?"

ಹದಿನಾರು ವರ್ಷದ ಹುಡುಗಿ, ಓದು ನಿಲ್ಲಿಸುವ ಮಾತಾಡುತ್ತಿದ್ದಾಳೆ, ಅದೂ ನಮ್ಮ ಊಟಕ್ಕೋಸ್ಕರ. ಅವಳಿಗೆ ಧೈರ್ಯ ಹೇಳಬೇಕು. ಹೇಗೆ? ನೀತಿ ಹೇಳಲೇ, ಗದರಿಸಲೇ, ಸುಮ್ಮನಿರಲೇ? ಸಭೆಯಲ್ಲಿ ಬರೆದುಕೊಂಡ ಪುಟದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಬಾವಿಕಟ್ಟೆಯ ಹತ್ತಿರ ಮೀನಿನ ಡಬ್ಬ ತೊಳೆಯುತ್ತಿದ್ದೆ, ಅವಳು ಬಟ್ಟೆ ಒಣಗಿಸುತ್ತಿದ್ದಳು. ಹೇಳಿಬಿಟ್ಟೆ. ಯಾಕೆ ಹೇಳಿದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಅವಳ ಭಾರ ಇಳಿಸಲಿಕ್ಕೋ, ನನ್ನದು ಇಳಿಸಲಿಕ್ಕೋ.

"ಮಗಾ, ನೀನ್ ಫೇಲಾಪುಕೆ ನಾನೇ ಕಾರಣ ಆಯಿಪ್ಪುಕೂ ಸಾಕ್. ನಿನ್ನ ಲೆಕ್ಕದ ಪರೀಕ್ಷೆ ದಿನ ನಾನ್ ಕೆರಾಡಿಯಗೆ ಮೀನ್ ತಿಂದೆ."

ಅವಳು ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಎಷ್ಟ್ ತುಂಡ್?"

"ಎರಡ್."

ನಕ್ಕಳು. ತಿಂಗಳ ನಂತರ ಕೇಳಿದ ನಗು. ನಾನೂ ನಗಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿತು.

"ಅಪ್ಪಯ್ಯ, ಲೆಕ್ಕ ತಪ್ಪ್ ಮಾಡದ್ದ್ ನಾನ್. ಎರಡ್ ಪಾಠ ನಂಗೆ ಅರ್ಥವೇ ಆಯಿರ್ಲಿಲ್ಲೆ, ಹೇಳುಕೆ ಹೆದ್ರಿಕೆ ಆಯ್ತ್. ಎಲ್ಲರೂ ಎಂತೆಂತದೋ ಬಿಟ್ಕಂಡ್ ಕೂಕಂಡ್ರೆ ಹೇಂಗ್ ಹೇಳುದ್? ಪರೀಕ್ಷೆ ನಿಮ್ದಾಯ್ತ್, ಹರಕೆ ನಿಮ್ದಾಯ್ತ್. ಫೇಲಾದದ್ದಾರೂ ನಂದ್ ಅಂದೇಳಿ ಬಿಡಿ."

ನಾನು ತೊಳೆದ ಡಬ್ಬವನ್ನೇ ಮತ್ತೊಮ್ಮೆ ತೊಳೆದೆ. ಅವಳು ಸಿಟ್ಟಿನಿಂದ ಹೇಳಿದಳೋ ದುಃಖದಿಂದ ಹೇಳಿದಳೋ ಎನ್ನುವುದಕ್ಕಿಂತ, ಎರಡು ಪಾಠ ಅರ್ಥವಾಗಿಲ್ಲ ಎನ್ನುವ ಇಷ್ಟು ಸಣ್ಣ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಲ್ಲ ಎಂದು ಸಂಕಟವಾಯಿತು.

ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬಂದಳು. ಬಂದವಳೇ ಸುಜಾತಳ ಎದುರು ನಿಂತು, "ನಿನ್ನ ಹರಕೆ ನಾನ್ ತಕಂಡಿದೆ. ಪಾಸಾಪ ತನ್ಕ ಮೀನ್ ಬಿಡೂದ್ ನಾನ್. ನೀನ್ ಇವತ್ತಿಂದ ತಿನ್ಕ್" ಎಂದಳು. ಸುಜಾತ ಕಂಗಾಲಾದಳು. ಒಬ್ಬರ ಹರಕೆಯನ್ನು ಇನ್ನೊಬ್ಬರು ತೆಗೆದುಕೊಳ್ಳಬಹುದೇ? ಕೇಳಲು ನನ್ನನ್ನು ಅಟ್ಟಿದಳು. ಅರ್ಚಕರು ಹೂವು ಕಟ್ಟುತ್ತಾ ಕುಳಿತಿದ್ದರು. "ಹೆಣ್ಣ್ ಬಂದ್ ದೇವ್ರ ಹತ್ರ ಹೇಳಿ ಹೋಯ್ತಲೆ? ಮತ್ತೆ ನನ್ನ ಹತ್ರ ಎಂತಕೆ ಕೇಣ್ತ್ರಿ? ಹೋಯ್ ಮೀನ್ ತಿನ್ನಿ" ಎಂದು ಹೂವಿನಿಂದ ತಲೆ ಎತ್ತದೆ ಹೇಳಿ ಕಳಿಸಿದರು.

ಆ ಮಧ್ಯಾಹ್ನ ಶ್ರಾವ್ಯ ಅಡುಗೆಮನೆಯ ಮೂಲೆ ಬಿಟ್ಟು ನಮ್ಮ ಜೊತೆ ಕುಳಿತಳು. ಸುಜಾತಳ ತಟ್ಟೆಯಲ್ಲಿ ಹುರಿದ ಬಂಗಡೆ, ಮಗಳ ತಟ್ಟೆಯಲ್ಲಿ ಉಪ್ಪಿನಕಾಯಿ. ಮೂರು ತಿಂಗಳಿಂದ ಮೀನು ತಿನ್ನದ ನನ್ನ ಹೆಂಡತಿ ಒಂದು ಚೂರು ಮುರಿದು ಬಾಯಿಗಿಟ್ಟಳು. ಅಗಿದಳು, ಅಗಿದಳು, ನುಂಗಲಾಗಲಿಲ್ಲ.

"ಅಮ್ಮ, ತಿನ್ಕ್" ಎಂದಳು ಮಗಳು, ಥೇಟ್ ತನ್ನ ಅಮ್ಮನದ್ದೇ ದನಿಯಲ್ಲಿ.

"ಇದ್ ಇಷ್ಟ್ ಕಷ್ಟ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ ಮಗಾ" ಎಂದು ಸುಜಾತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ನನ್ನ ತಟ್ಟೆ ನೋಡಿದೆ. ಶ್ರಾವ್ಯ ಅವತ್ತೇ ಸಂಜೆ ಹೆಸರು ಕೊಟ್ಟಳು. ಅರ್ಥವಾಗದ ಎರಡು ಪಾಠಗಳನ್ನು ಟೀಚರ ಮನೆಗೇ ಹೋಗಿ ಹೇಳಿಸಿಕೊಂಡಳು. ಪಾಸಾದಳು, ಹೆಚ್ಚೇನಲ್ಲ, ಮೇಲೆ ಮೂರು ಮಾರ್ಕು. ಆಗ ಮಳೆಗಾಲ ಹತ್ತಿ ಬೋಟುಗಳೆಲ್ಲ ದಡ ಸೇರಿದ್ದವು, ಹಸಿ ಮೀನಿಗೆ ಬರ. ಒಣ ಸಿಗಡಿಯ ಚಟ್ನಿಯಲ್ಲಿ ಅವಳು ಹರಕೆ ಮುಗಿಸಿದಳು.

ಈಗ ಅವಳು ಎರಡನೆಯ ಪಿಯುಸಿ. ಲೆಕ್ಕದಲ್ಲಿ ಬಿದ್ದ ಹುಡುಗಿ ಹಟ ಹಿಡಿದು ಸ್ಟಾಟಿಸ್ಟಿಕ್ಸ್ ತೆಗೆದುಕೊಂಡದ್ದು ಯಾಕೆಂದು ನನಗೆ ತಿಳಿಯದು, ಕೇಳಿಯೂ ಇಲ್ಲ. ಮನೆಯಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ. ಬಿಡದೆ ಇರುವುದೂ ಸುಲಭವಲ್ಲ ನೋಡಿ. ಪರೀಕ್ಷೆಯ ದಿನ ನೆಮ್ಮದಿಯಿಂದ ಮೀನು ತಿನ್ನುವುದು ನನಗಂತೂ ಇನ್ನೂ ಅಭ್ಯಾಸವಾಗಿಲ್ಲ. ಮಗಳಿಗೋಸ್ಕರ ಏನಾದರೂ ಮಾಡಬೇಕು ಎಂದು ಕೈ ತುರಿಸುತ್ತಿರುತ್ತದೆ, ಏನು ಮಾಡಬೇಕೆಂದು ಹೊಳೆಯುವುದಿಲ್ಲ.

ನಿನ್ನೆ ಆ ಸ್ಟಾಟಿಸ್ಟಿಕ್ಸ್ ಪರೀಕ್ಷೆ. ಕರೆತರಲು ಹೋಗಿ ಗೇಟಿನ ಹೊರಗೆ ನಿಂತಿದ್ದೆ. ಹೇಗಾಯಿತು ಎಂದು ಕೇಳಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. ಅವಳು ಬಂದು ಗಾಡಿಯ ಹಿಂದೆ ಕುಳಿತಳು.

"ಎಂತ, ಕೇಂಬುದಿಲ್ಯಾ?"

"ಕೇಣ್ಕಾ?"

"ಕೇಣಿ."

"ಹೇಂಗಾಯ್ತ್?"

"ಒಂದ್ ದೊಡ್ಡ್ ಲೆಕ್ಕ ತಪ್ಪಿತ್ ಕಾಣತ್" ಎಂದಳು.

ಬಾಯಿಗೆ ಎಷ್ಟೊಂದು ಮಾತು ಬಂತು. ಪರವಾಗಿಲ್ಲ ಅನ್ನಬೇಕೋ, ಇನ್ನೂ ಚೆನ್ನಾಗಿ ನೋಡಬಾರದಿತ್ತೇ ಅನ್ನಬೇಕೋ, ದೇವರಿದ್ದಾನೆ ಅನ್ನಬೇಕೋ. ಎಲ್ಲವನ್ನೂ ನುಂಗಿಕೊಂಡು, "ಯಾವ್ದ್?" ಎಂದೆ.

ಅವಳು ಹೇಳತೊಡಗಿದಳು. ನನ್ನ ಹೆಗಲ ಮೇಲಿನಿಂದ ಕೈ ಚಾಚಿ, ಗಾಳಿಯಲ್ಲಿ ಗೆರೆ ಎಳೆದು, ಇಲ್ಲಿಯವರೆಗೆ ಸರಿ ಬಂತು, ಇಲ್ಲಿ ಗುಣಿಸುವ ಬದಲು ಕೂಡಿಸಿಬಿಟ್ಟೆ, ಅದಕ್ಕೇ ಉತ್ತರ ಹೀಗೆ ಬಂತು ಎಂದು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಹ್ಞೂಂ, ಹ್ಞೂಂ, ಮತ್ತೆ? ಎನ್ನುತ್ತಾ ಗಾಡಿ ಬಿಟ್ಟೆ. ನಮ್ಮ ಮನೆಗೆ ತಿರುಗುವ ದಾರಿ ದಾಟಿ ಎಷ್ಟೋ ಮುಂದೆ ಹೋಗಿದ್ದೆವು. ಅವಳು ಇನ್ನೂ ತನ್ನ ತಪ್ಪನ್ನು ಹೇಳುತ್ತಲೇ ಇದ್ದಳು, ನಾನು ಗಾಡಿ ತಿರುಗಿಸಲಿಲ್ಲ.