ಕಣ್ಣು ಕಟ್ಟಿದವನ ಹಣೆಗೆ ಇಟ್ಟ ತಿಲಕ

ಲೌಟನ್ ಥಾರು ಗೆರುವಾ ನದಿಯಲ್ಲಿ ಮೀನು ಹಿಡಿದು ಬದುಕುವವನು. ನಾನು ಆ ದಂಡೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಅವನೂ ಅವನ ಗೆಳೆಯ ಬೆಚನನೂ ಒಂದೇ ಬೆಂಚಿನಲ್ಲಿ ಕೂಡುತ್ತಿದ್ದರು. ಮುಂದೆ ಸರ್ಕಾರಕ್ಕೂ ಮಾವೋವಾದಿಗಳಿಗೂ ಯುದ್ಧ ನಡೆದ ಕಾಲದಲ್ಲಿ, ಮಾವೋವಾದಿಗಳಿಗೆ ಅನ್ನ ಹಾಕಿದರೆಂದು ಸೈನ್ಯದವರು ಇಬ್ಬರನ್ನೂ ಗದ್ದೆಯಿಂದಲೇ ಎಳೆದೊಯ್ದರು. ಸೈನ್ಯದ ಬರಾಕಿನಿಂದ ಲೌಟನ್ ಒಬ್ಬನೇ ಮರಳಿದ. ಬಲತೋಳು ಮೇಲೇಳುತ್ತಿರಲಿಲ್ಲ, ಎಡಗೈಯಲ್ಲಿ ಬಲೆ ಬೀಸುವುದನ್ನು ಹೊಸದಾಗಿ ಕಲಿತ.

ದಸೈಂ ಹಬ್ಬದಲ್ಲಿ ಹಿರಿಯರು ಹಣೆಗೆ ತಿಲಕವಿಟ್ಟು ಹರಸುವುದು ನಮ್ಮ ರೂಢಿ. ಯಾರ ಕೈಗೆ ಹಣೆಯೊಡ್ಡಿದೆವೋ ಅವರಿಗೆ ಎದುರು ಮಾತಾಡುವಂತಿಲ್ಲ. ಮರಳಿ ಬಂದ ಮೇಲೆ ಲೌಟನ್ ಯಾರಿಗೂ ಹಣೆಯೊಡ್ಡಲಿಲ್ಲ. ತಾಯಿ ಅಕ್ಕಿಹಿಟ್ಟಿನ ಬಿಳಿ ತಿಲಕ ಕಲಸಿಕೊಂಡು ಅಂಗಳದಲ್ಲಿ ಕೂಗುತ್ತಿದ್ದಳು:

“ನನ್ನ ಕೈಗೇನು ಮುಳ್ಳು ಬಂದಿದೆಯೇನೋ, ಮೂದೇವಿ!”

ಅವನು ಆಗಲೇ ನದಿಯ ದಾರಿ ಹಿಡಿದಿರುತ್ತಿದ್ದ.

ಎಷ್ಟೋ ವರ್ಷಗಳ ಮೇಲೆ, ಬರಾಕಿನಲ್ಲಿ ಹಿಂಸೆಯುಂಡು ಉಳಿದ ಲೌಟನ್ ಮತ್ತಿತರರು ಆಗಿನ ಮೇಜರನ ಮೇಲೂ ಮೇಲಧಿಕಾರಿಗಳ ಮೇಲೂ ಮೊಕದ್ದಮೆ ಹೂಡಿದರು. ಬೆಚನನ ಹೆಂಡತಿ ಜಗಮತಿಯೂ ಸೇರಿದಳು; ಅವಳನ್ನು ಲೌಟನ್ ‘ಭೌಜಿ’, ಅತ್ತಿಗೆ, ಎಂದೇ ಕರೆಯುತ್ತಿದ್ದ. ಚಹಾದಂಗಡಿಯವನಿಗೆ ಅದೊಂದು ತಮಾಷೆ.

“ಏನ್ ಲೌಟನ್, ಈ ಸಲಾನೂ ಕೋರ್ಟಲ್ಲಿ ಬರೀ ತಾರೀಖು ತಿಂದ್ಕೊಂಡು ಬಂದ್ಯಾ? ಹೊಟ್ಟೆ ತುಂಬ್ತಾ?”

“ನಿನ್ನ ಚಹಾಕ್ಕಿಂತ ಗಟ್ಟಿಯಾಗೇ ಇತ್ತು ಬಿಡು.”

ಮೇಜರನ ವಕೀಲ ಹಿಡಿದ ಪಟ್ಟು ಒಂದೇ: ಇವರ ಕಣ್ಣಿಗೆ ಬಟ್ಟೆ ಕಟ್ಟಿತ್ತು, ಹೊಡೆದವರಾರೆಂದು ಇವರಿಗೆ ಹೇಗೆ ಗೊತ್ತು? ಲೌಟನ್ ಇದಕ್ಕೆ ಉತ್ತರ ಹೇಳದಿದ್ದರೆ ಮೊಕದ್ದಮೆ ಬಿದ್ದುಹೋಗುತ್ತದೆಂದು ನಮ್ಮ ವಕೀಲೆ ಎಚ್ಚರಿಸಿದ್ದರು. ಸಾಕ್ಷಿಯ ದಿನ ಬೆಳಿಗ್ಗೆ ಅವನು ನನ್ನನ್ನು ಕೋರ್ಟಿನ ಮರದಡಿಗೆ ಕರೆದ.

“ಗುರುಜಿ, ಅವನೇ ಅಂತ ನಂಗೊತ್ತು. ಹೇಗೆ ಗೊತ್ತು ಅಂತ ಹೇಳಿದ್ರೆ ಜಗಮತಿ ಭೌಜಿ ನನ್ನ ಮುಖ ನೋಡಲ್ಲ.”

“ಯಾಕಪ್ಪಾ?”

“ಬರಾಕಿನಲ್ಲೂ ದಸೈಂ ಬಂತು. ಮೇಜರ್ ತಾನೇ ತಟ್ಟೆ ಹಿಡ್ಕೊಂಡು ಬಂದ. ಕಣ್ಣಿನ ಬಟ್ಟೆ ಬಿಚ್ಚಲಿಲ್ಲ; ಹಿಂದಿನ ದಿನ ಹೊಡೆದ ಕೈಯಿಂದ್ಲೇ ತಿಲಕ. ನಾನು ತಲೆ ಬಗ್ಗಿಸ್ದೆ ಗುರುಜಿ. ಬೆಚನ್ ಬಗ್ಗಿಸ್ಲಿಲ್ಲ. ಅವನನ್ನ ಹೊರಗೆ ಕರ್ಕೊಂಡು ಹೋದ್ರು, ಮತ್ತೆ ಬರ್ಲಿಲ್ಲ.”

ಅವನ ಬೆನ್ನ ಮೇಲೆ ಕೈಯಿಟ್ಟೆ.

ಅಂದು ಮೊದಲು ಮೇಜರನೇ ಹೇಳಿಕೆ ಕೊಟ್ಟ. ನರೆಗೂದಲಿನ, ನಯವಾದ ಮಾತಿನ ಮುದುಕ; ನಡುನಡುವೆ ಸಣ್ಣ ಕೆಮ್ಮು, ಮಾತಿನ ಕೊನೆಗೊಂದು ಎಳೆತ. ಬಳಿಕ ಲೌಟನ್ ನಿಂತ.

“ಇವರ ಮುಖ ನೋಡಿದ್ಯಾ?” ಎಂದು ಮೇಜರನ ವಕೀಲ ಕೇಳಿದ.

“ಇಲ್ಲ ಹುಜೂರ್.”

“ಮತ್ತೆ?”

“ಬರಾಕಿನಲ್ಲಿ ನಮಗೆ ತಿಲಕ ಇಡುವಾಗ ಇವರ ದನಿ ಕೇಳಿದೆ,” ಎಂದು ಲೌಟನ್ ಕಣ್ಣು ಮುಚ್ಚಿ ದಸೈಂನ ಹಾರೈಕೆಯನ್ನು ಹೇಳತೊಡಗಿದ. ಅಶ್ವತ್ಥಾಮನ ಆಯುಷ್ಯ ಬರಲಿ, ದಶರಥನ ಸಿರಿ ಬರಲಿ ಎಂಬ ಮಂತ್ರ. ಆದರೆ ಆ ದನಿ ಅವನದಾಗಿರಲಿಲ್ಲ. ಅದೇ ನಯ, ನಡುವೆ ಅದೇ ಸಣ್ಣ ಕೆಮ್ಮು, ಸಾಲಿನ ಕೊನೆಗೆ ಅದೇ ಎಳೆತ. ಆಗಷ್ಟೇ ಮೇಜರನ ಮಾತು ಕೇಳಿದ್ದವರೆಲ್ಲ ಆ ಮುದುಕನತ್ತ ತಿರುಗಿದರು. ಮುದುಕ ಗಂಟಲು ಸರಿಮಾಡಿಕೊಳ್ಳಲು ಹೋಗಿ, ಕೆಮ್ಮನ್ನು ಅರ್ಧಕ್ಕೇ ನುಂಗಿಕೊಂಡ.

“ತಿಲಕ ಇಡೋರು ಹೊಡೀತಾರೇನಯ್ಯ? ನೀನೂ ಬಗ್ಗಿ ಇಡಿಸ್ಕೊಂಡೆ ತಾನೇ?” ಎಂದ ವಕೀಲ.

“ಬಗ್ಗಿದೆ. ಬೆಚನ್ ಬಗ್ಗಲಿಲ್ಲ. ಹೊಡೀವಾಗ ಕೇಳಿದ್ದೂ, ಅವನನ್ನ ಕರ್ಕೊಂಡು ಹೋಗಿ ಅಂದಿದ್ದೂ ಇದೇ ದನಿ.”

ನ್ಯಾಯಾಧೀಶರು ಅಷ್ಟನ್ನೂ ಬರೆಸಿಕೊಂಡು ಮೊಕದ್ದಮೆ ಮುಂದುವರಿಯಲೆಂದರು. ಲೌಟನ್ ಜಗಮತಿಯ ಕಡೆ ನೋಡಲೇ ಇಲ್ಲ.

ಬಸ್ಸಿನಲ್ಲಿ ಅವನು ಹಿಂದಿನ ಸೀಟಿಗೆ ಹೋಗಿ ಕುಳಿತ. ಜಗಮತಿ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತಳು.

“ನನ್ನ ಗಂಡ ಏನಂದ, ಬಗ್ಗು ಅಂದಾಗ?”

“ನಮ್ಮವ್ವ ಬದುಕಿದ್ದಾಳೆ, ತಿಲಕ ಅವಳೇ ಇಡ್ತಾಳೆ ಅಂದ, ಭೌಜಿ.”



“ನೀನು ಬಗ್ಗಿದ್ದು ಒಳ್ಳೇದಾಯ್ತು,” ಎಂದಳು ಜಗಮತಿ. “ಇಬ್ರೂ ಬಗ್ಗದಿದ್ರೆ ನಂಗೆ ಈ ಮಾತು ಹೇಳೋರು ಯಾರಿದ್ರು?”



ತೀರ್ಪು ಇನ್ನೂ ಬಂದಿಲ್ಲ. ಮೇಜರನ ಆ ದನಿ ಈಗಲೂ ಆಗಾಗ ನಿದ್ದೆಯಲ್ಲಿ ಲೌಟನ್‌ನ ಬಾಯಿಂದ ಹೊರಡುತ್ತದೆಂದು ಅವನ ಹೆಂಡತಿ ಹೇಳುತ್ತಾಳೆ. ಅವಳು ಎಬ್ಬಿಸುವುದಿಲ್ಲ; ಮುಟ್ಟಿದರೆ ಸಾಕು, ಕಣ್ಣು ತೆರೆಯುವ ಮೊದಲೇ ಎದ್ದು ಕುಳಿತು ತಲೆ ಬಗ್ಗಿಸುತ್ತಾನಂತೆ.